ಬ್ರೆಡ್ಡಿನ ದುಡ್ಡು

ಕೆನಡಾದಲ್ಲಿರುವ ನಮ್ಮವರಿಗೆ ಒಂದು ಮಾತು. ಬ್ರೆಡ್ಡಿಗೆ ಹೆಚ್ಚು ದುಡ್ಡು ಕೊಟ್ಟ ಗ್ರಾಹಕರು ಪರಿಹಾರಕ್ಕೆ ಕ್ಲೇಮ್ ಹಾಕಲು 2025ರ ಡಿಸೆಂಬರ್ 12 ಕೊನೇ ದಿನವಾಗಿತ್ತು. ನಾನು ಅಷ್ಟರೊಳಗೆ ಹಾಕಿ ಮುಗಿಸಿದ್ದೆ. ರಸೀದಿ ಕೇಳಲಿಲ್ಲ. 2001ರಿಂದ 2021ರ ಒಳಗೆ ಪ್ಯಾಕೆಟ್ ಬ್ರೆಡ್ ಕೊಂಡಿದ್ದೇನೆ ಎಂದು ಹೇಳಿದರೆ ಸಾಕಿತ್ತು. ಅಷ್ಟು ವರ್ಷದ ರಸೀದಿ ಜೋಪಾನ ಮಾಡಿದವರು ಯಾರಾದರೂ ಇದ್ದರೆ ಅವರಿಗೆ ಕೈ ಮುಗಿಯಬೇಕು, ಅಲ್ವಾ?

ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಬ್ರೆಡ್ ಬೆಲೆ ಏರಿಸಿದ ಕಥೆ ಇದು. ಸೂಪರ್‌ಮಾರ್ಕೆಟ್ ನಡೆಸುವ ಲಾಬ್ಲಾ ಮತ್ತು ಅದರ ಮಾತೃ ಕಂಪನಿ ಜಾರ್ಜ್ ವೆಸ್ಟನ್ 2017ರಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡವು. ಮೊದಲೇ ಬಾಯಿಬಿಟ್ಟಿದ್ದಕ್ಕೆ ಕ್ರಿಮಿನಲ್ ಕೇಸಿನಿಂದ ವಿನಾಯಿತಿಯೂ ಸಿಕ್ಕಿತು. ಕೆನಡಾ ಬ್ರೆಡ್ ಕಂಪನಿಗೆ ಮಾತ್ರ 2023ರಲ್ಲಿ 5 ಕೋಟಿ ಡಾಲರ್ ದಂಡ ಬಿತ್ತು. ಲಾಬ್ಲಾ ಮತ್ತು ವೆಸ್ಟನ್ ಗ್ರಾಹಕರ ಕೇಸಿನಲ್ಲಿ ಮಾಡಿಕೊಂಡ ರಾಜಿ 50 ಕೋಟಿ ಡಾಲರಿನದು. 2018ರಲ್ಲಿ ಲಾಬ್ಲಾ ಗ್ರಾಹಕರಿಗೆ ಹಂಚಿದ 25 ಡಾಲರ್ ಗಿಫ್ಟ್ ಕಾರ್ಡುಗಳ ಲೆಕ್ಕವೂ ಅದರಲ್ಲೇ ಸೇರಿದೆ. ಜಾಣರು!

ವಕೀಲರ ಫೀಸು ಕಳೆದು ಎಲ್ಲರಿಗೂ ಹಂಚಿದರೆ ಕೈಗೆ ಬರುವುದು ಚಿಲ್ಲರೆಯೇ. ಆದರೂ ಫಾರಂ ತುಂಬುವಾಗ ಇಲ್ಲಿಗೆ ಬಂದ ಹೊಸತರ ದಿನಗಳು ನೆನಪಾದವು. ಆಗ ಬೆಳಿಗ್ಗೆ ಬ್ರೆಡ್, ರಾತ್ರಿಯೂ ಬ್ರೆಡ್. ಬೆಲೆ ಜಾಸ್ತಿ ಅನಿಸಿದಾಗಲೆಲ್ಲ, ಸುಮ್ನೆ ಎಲ್ಲವನ್ನೂ ರೂಪಾಯಿಗೆ ಗುಣಿಸುವ ನನ್ನ ಚಟವನ್ನೇ ಬೈದುಕೊಳ್ಳುತ್ತಿದ್ದೆ. ನಿಜಕ್ಕೂ ಜಾಸ್ತಿಯೇ ಇದ್ದಿರಬೇಕು!

ಮುಂದೆ ಇಂಥ ಕ್ಲೇಮ್ ಹಾಕುವವರು ಅಧಿಕೃತ ವೆಬ್‌ಸೈಟಿಗೇ ಹೋಗಿ. ವಾಟ್ಸಾಪಿನಲ್ಲಿ ಬರುವ ಲಿಂಕ್ ಒತ್ತಬೇಡಿ. ಬ್ಯಾಂಕ್ ಪಾಸ್‌ವರ್ಡ್ ಯಾರು ಕೇಳಿದರೂ ಕೊಡಬೇಡಿ.