ಬೋರ್ಡ್ ಇಲ್ಲದ ರಿಂಕ್‌ನಲ್ಲಿ ಬರೆದ ಪಟ್ಟಿ

ಲಡಾಖ್‌ನ ಐಸ್ ಹಾಕಿ ಆಯ್ಕೆ ಶಿಬಿರದ ಕೊನೆಯ ರಾತ್ರಿ ಉಳಿದದ್ದು ಎರಡು ಹೆಸರು, ಖಾಲಿ ಇದ್ದದ್ದು ಒಂದೇ ಜಾಗ. ಒಬ್ಬ ಶಿಬಿರದಲ್ಲೇ ಅತಿ ಹೆಚ್ಚು ಗೋಲು ಹೊಡೆದ ಫಾರ್ವರ್ಡ್. ಇನ್ನೊಬ್ಬ ರೈಟ್ ಶಾಟ್ ಡಿಫೆನ್ಸ್, ಅಂದರೆ ಸ್ಟಿಕ್ಕನ್ನು ಮೈಯ ಬಲಬದಿಗೆ ಹಿಡಿದು ಆಡುವ ರಕ್ಷಣಾ ಆಟಗಾರ; ಗೋಲಿನ ಕಾಲಮ್ಮಿನಲ್ಲಿ ಸೊನ್ನೆ. ಸ್ಕೋರ್ ಶೀಟ್ ಎದುರಿಗಿತ್ತು, ಮಾತು ಬೆಳೆಯಲಿಲ್ಲ. ಫಾರ್ವರ್ಡ್ ಹೆಸರನ್ನೇ ಬರೆದೆವು. ಆ ತೀರ್ಮಾನ ನಮ್ಮದೇ, ಇವತ್ತಿಗೂ ಚುಚ್ಚುತ್ತದೆ.

ನಮ್ಮ ಹಂತದ ಪಂದ್ಯಾವಳಿಗೆ ಪಟ್ಟಿ 22ರದು: 20 ಸ್ಕೇಟರ್, 2 ಗೋಲ್‌ಕೀಪರ್. 12 ಫಾರ್ವರ್ಡ್, 8 ಡಿಫೆನ್ಸ್ ಇದ್ದರೆ ಮೂರು ಮೂರು ಫಾರ್ವರ್ಡ್‌ಗಳ ನಾಲ್ಕು ಲೈನು, ಡಿಫೆನ್ಸ್‌ನ ನಾಲ್ಕು ಜೋಡಿ ಸರಿಹೊಂದುತ್ತವೆ. ನಾವು 13 ಮತ್ತು 7 ಮಾಡಿದೆವು. ಅದೂ ನಡೆಯುತ್ತದೆ. ಆದರೆ ಆ ಏಳೂ ಜನ ಲೆಫ್ಟ್ ಶಾಟ್ ಎಂಬುದನ್ನು ಯಾರೂ ಎಣಿಸಿರಲಿಲ್ಲ.

ನಮ್ಮ ಗೋಲಿನ ಕಡೆಯ ಬಲ ಮೂಲೆಗೆ ಪಕ್, ಅಂದರೆ ಆಡುವ ರಬ್ಬರ್ ಬಿಲ್ಲೆ, ಬಿತ್ತು ಅನ್ನಿ. ಲೆಫ್ಟ್ ಶಾಟ್ ಆಟಗಾರನಿಗೆ ಅದು ಬ್ಯಾಕ್‌ಹ್ಯಾಂಡ್‌ಗೆ ಸಿಗುತ್ತದೆ. ಬೋರ್ಡ್‌ಗುಂಟ, ಅಂದರೆ ರಿಂಕ್ ಸುತ್ತಲಿನ ಗೋಡೆಯ ಗುಂಟ, ಮೇಲಕ್ಕೆ ತಳ್ಳಿದರೆ ಬಲ ಸಾಲದೆ ನಮ್ಮ ವಲಯದ ಗಡಿಯಾದ ನೀಲಿ ಗೆರೆಯ ಒಳಗೇ ನಿಲ್ಲುತ್ತದೆ. ಫೋರ್‌ಹ್ಯಾಂಡ್‌ಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಆ ಪಂದ್ಯಾವಳಿಯ ಒಂದು ಪಂದ್ಯದ ಮೂರನೇ ಪೀರಿಯಡ್‌ನಲ್ಲಿ ಆದದ್ದು ಇದೇ. ಪಕ್ ಸ್ಕೇಟಿಗೂ ಬೋರ್ಡಿಗೂ ನಡುವೆ ಸಿಕ್ಕಿಕೊಂಡಿತು, ಎದುರಿನವನ ಸ್ಟಿಕ್ ಅದನ್ನು ಕಿತ್ತುಕೊಂಡಿತು, ಗೋಲಿನ ಮುಂದಿನ ಜಾಗವಾದ ಸ್ಲಾಟ್‌ಗೆ ಒಂದು ಪಾಸ್, ಗೋಲು. ಬೆಂಚಿನಲ್ಲಿದ್ದ ಹದಿಮೂರನೇ ಫಾರ್ವರ್ಡ್ ಆ ಹೊತ್ತಿಗೆ ಯಾವ ಉಪಯೋಗಕ್ಕೂ ಬರಲಿಲ್ಲ.

ಮೂಲ ತಪ್ಪು ಇನ್ನೂ ಹಿಂದಿನದು. ಹಳ್ಳಿಯ ನೈಸರ್ಗಿಕ ರಿಂಕ್‌ಗಳ ಸುತ್ತ ಮೊಣಕಾಲೆತ್ತರದ ಹಲಗೆಯೋ ಹಿಮದ ದಿಬ್ಬವೋ ಇರುತ್ತದೆ. ಪಕ್ ಹೊರಗೆ ಹಾರಿತು, ಸೀಟಿ ಬಿತ್ತು, ಆಟ ನಿಂತಿತು. ಒಳಾಂಗಣದಲ್ಲಿ ಬೋರ್ಡ್ 107 ಸೆಂ.ಮೀ. ಎತ್ತರ, ಮೇಲೆ ಗಾಜು. ಪಕ್ ತಿರುಗಿ ಬರುತ್ತಲೇ ಇರುತ್ತದೆ, ಗುದ್ದಾಟವೆಲ್ಲ ಅಲ್ಲೇ. ಬಯಲಲ್ಲಿ ಗೋಲು ಸುರಿಸಿದವನಿಗೆ ಮೂಲೆಯಲ್ಲಿ ಬೆನ್ನು ಕೊಟ್ಟು ಪಕ್ ಕಾಪಾಡಿಕೊಳ್ಳುವುದು ಬರುತ್ತದೆಯೇ ಎಂಬುದನ್ನು ಆ ಸ್ಕೋರ್ ಶೀಟ್ ಹೇಳುವುದೇ ಇಲ್ಲ.

ಮೇಲಿನವರು ಕೊಟ್ಟ ಪರೀಕ್ಷಾ ಫಾರ್ಮ್‌ನಲ್ಲಿ ಮುಂದಕ್ಕೆ ಓಡುವ ವೇಗ ಮತ್ತು ಶಾಟ್‌ಗಷ್ಟೇ ಅಂಕ. ಹಿಮ್ಮುಖ ಸ್ಕೇಟಿಂಗ್, ಪಿವಟ್ (ಓಡುತ್ತಲೇ ಹಿಂದು ಮುಂದಾಗಿ ತಿರುಗುವುದು), ನಮ್ಮ ಮೂಲೆಯಿಂದ ಪಕ್ ಹೊರಗೊಯ್ಯುವ ಮೊದಲ ಪಾಸ್ ಯಾವುದಕ್ಕೂ ಜಾಗವಿಲ್ಲ. ಕಾಲಮ್ ಸೇರಿಸಿ ಎಂದು ಕೇಳಿದರೆ ಕಳೆದ ವರ್ಷದ ಫಾರ್ಮೇ ಮತ್ತೆ ಬರುತ್ತದೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಎರಡೂ ಮೂಲೆಗೆ ಪ್ಲೈವುಡ್ ನಿಲ್ಲಿಸಿ, ಹಿಂದಿನಿಂದ ಗಟ್ಟಿಯಾಗಿ ಆನಿಕೆ ಕೊಡಿ. ಪ್ರತಿ ಡಿಫೆನ್ಸ್ ಆಟಗಾರನಿಗೆ ಎಡಕ್ಕೆ ಹತ್ತು, ಬಲಕ್ಕೆ ಹತ್ತು ಪಕ್ ಬಿಡಿ, ಬೆನ್ನಿಗೆ ಒಬ್ಬ ಫೋರ್‌ಚೆಕರ್, ಅಂದರೆ ಪಕ್ ಕಿತ್ತುಕೊಳ್ಳಲು ಒತ್ತಿ ಬರುವ ಎದುರಾಳಿ. ಪಕ್ ಮುಟ್ಟುವ ಮುಂಚೆ ಭುಜದ ಮೇಲಿಂದ ತಿರುಗಿ ನೋಡಿದನೇ, ಪಾಸ್ ನೇರ ಜೊತೆಗಾರನ ಸ್ಟಿಕ್ಕಿನ ಟೇಪ್‌ಗೆ ಹೋಯಿತೇ, ಎರಡನ್ನೂ ಬೇರೆಬೇರೆ ಎಣಿಸಿ. ಆಮೇಲೆ ಅದೇ ಮೂಲೆಯಲ್ಲಿ ಮೂವರ ಎದುರು ಮೂವರು, 40 ಸೆಕೆಂಡಿನ ಶಿಫ್ಟ್. ಕೊನೆಯ ಹತ್ತು ಸೆಕೆಂಡಿನಲ್ಲಿ ಮಂಡಿ ಬಗ್ಗಿಸಿ ನಿಂತಿದ್ದಾನೋ, ನೆಟ್ಟಗಾಗಿದ್ದಾನೋ ನೋಡಿ. ಸುಮಾರು 3,500 ಮೀಟರ್ ಎತ್ತರದಲ್ಲಿ ದಣಿವು ಬೇಗ ಬರುತ್ತದೆ, ಹಾಗಾಗಿ ದೂರದಿಂದ ಬಂದವರನ್ನು ಮೊದಲ ದಿನವೇ ಅಳೆಯಬೇಡಿ.

ಸ್ಕೇಟ್‌ನ ಹಾಲೋ, ಅಂದರೆ ಬ್ಲೇಡ್‌ನ ಅಡಿಯಲ್ಲಿ ಮಸೆದ ಕುಳಿಯ ಅಳತೆ, ಕೂಡ ಬರೆದಿಟ್ಟುಕೊಳ್ಳಿ; ಅಂಕಿ ಚಿಕ್ಕದಾದಷ್ಟೂ ಕುಳಿ ಆಳ. ಕೊರೆಯುವ ಚಳಿಯ ಗಟ್ಟಿ ಐಸ್‌ಗೆ 3/8 ಇಂಚು ಹಿಡಿಸುತ್ತದೆ. ಅದನ್ನೇ ಒಳಾಂಗಣದ ಮೆತ್ತನೆ ಐಸ್‌ಗೆ ಒಯ್ದರೆ ಬ್ಲೇಡ್ ಕಚ್ಚಿಕೊಂಡು ಕಾಲು ಸೋಲುತ್ತದೆ. 1/2 ಅಥವಾ 5/8ಕ್ಕೆ ಮಸೆಸಿ ಎರಡು ದಿನವಾದರೂ ಆಡಿಸಿ.

ಪಂದ್ಯಾವಳಿ ವಿದೇಶದಲ್ಲಾದರೆ ಪಾಸ್‌ಪೋರ್ಟ್ ಅವಧಿಯನ್ನು ಶಿಬಿರದ ಮೊದಲ ದಿನವೇ ನೋಡಿಬಿಡಿ. ಹೆಸರಿನ ಪಕ್ಕದಲ್ಲಿ, ಗೋಲಿನ ಲೆಕ್ಕಕ್ಕಿಂತ ಮೊದಲು, ಎಡವೋ ಬಲವೋ ಬರೆಯಿರಿ.