ಸಿಮಿಸ್ತ್ರಿಗೆ ಹೋಗುವ ಮುನ್ನ ಇಗರ್ಜಿಯ ಪುಸ್ತಕ ನೋಡಿ

ಕರಾವಳಿಯ ಹಳೆಯ ಇಗರ್ಜಿಗಳ ಸಿಮಿಸ್ತ್ರಿಯಲ್ಲಿ, ಅಂದರೆ ಸ್ಮಶಾನದಲ್ಲಿ, ಮುತ್ತಜ್ಜನ ಸಮಾಧಿ ಹುಡುಕುವವರಿಗೆ ಎಷ್ಟೋ ಸಲ ಅದು ಸಿಗುವುದೇ ಇಲ್ಲ. ಶಾಶ್ವತ ಸಮಾಧಿಗೆ ದುಡ್ಡು ಕಟ್ಟುವ ಶಕ್ತಿ ಹಿಂದೆ ಎಲ್ಲರಿಗೂ ಇರಲಿಲ್ಲ. ಉಳಿದವರ ತಲೆಯ ಬಳಿ ಮರದ ಶಿಲುಬೆ ನೆಟ್ಟರು, ಅದು ಮಳೆಗೆ ಕುಂಬಾಯಿತು, ಕೆಲವು ವರ್ಷ ಕಳೆದು ಅದೇ ಜಾಗ ಇನ್ನೊಬ್ಬರಿಗಾಯಿತು.

ಹಾಗಾಗಿ ಮೊದಲು ಇಗರ್ಜಿಯ ಕಚೇರಿಗೆ ಹೋಗಿ. ಜ್ಞಾನಸ್ನಾನ, ಮದುವೆ, ಮರಣಗಳಿಗೆ ಬೇರೆ ಬೇರೆ ಪುಸ್ತಕಗಳಿರುತ್ತವೆ. ಧರ್ಮಗುರುಗಳಿಗೆ ಮುಂಚಿತವಾಗಿ ಪತ್ರ ಬರೆದು ಹೆಸರು, ತಂದೆಯ ಹೆಸರು, ಮನೆಯಿದ್ದ ಜಾಗ, ಅಂದಾಜು ಇಸವಿ ತಿಳಿಸಿ. ಬರೀ ‘ಡಿಸೋಜ ಕುಟುಂಬ’ ಎಂದರೆ ಅರ್ಧ ಊರೇ ಬರುತ್ತದೆ! ಭಾನುವಾರ, ಹಬ್ಬದ ದಿನ ಹೋಗಬೇಡಿ.

ಹಳೆಯ ಪುಟಗಳು ಲ್ಯಾಟಿನ್ ಅಥವಾ ಪೋರ್ಚುಗೀಸ್‌ನಲ್ಲಿದ್ದರೆ ತಿಂಗಳ ಬಗ್ಗೆ ಎಚ್ಚರ. ‘7ಬ್ರಿಸ್’ ಎಂದಿದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಎಂದರೆ ಏಳು, ಅದಕ್ಕೇ ಈ ಗೊಂದಲ. ಇನ್ನೊಂದು ತೊಡಕು ಹೆಸರಿನದು. ಅನೇಕ ಮನೆಗಳಲ್ಲಿ ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ರೂಢಿ. ಅಜ್ಜ, ಮೊಮ್ಮಗ ಇಬ್ಬರೂ ಒಂದೇ ಹೆಸರಿನವರಾದಾಗ ಹೆಂಡತಿಯ ಹೆಸರು ತಾಳೆ ನೋಡದೆ ಮುಂದೆ ಹೋಗಬೇಡಿ. 1908ರ ನಂತರ ಮದುವೆಯ ವಿವರವನ್ನು ಜ್ಞಾನಸ್ನಾನದ ಪುಸ್ತಕದ ಅಂಚಿನಲ್ಲೂ ಬರೆಯಬೇಕೆಂಬ ನಿಯಮ ಬಂತು. ಬೇರೆ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಜಾಡು ಸಿಗುವುದು ಬಹುಮಟ್ಟಿಗೆ ಅಲ್ಲೇ.

1784ರಲ್ಲಿ, ಟಿಪ್ಪು ಕಾಲದಲ್ಲಿ, ಕರಾವಳಿಯ ಕ್ರೈಸ್ತರ ಸೆರೆ ಶುರುವಾಯಿತು, ಅದು ಮುಗಿದದ್ದು 1799ಕ್ಕೆ. ಆಗ ಅನೇಕ ಇಗರ್ಜಿಗಳು ನೆಲಸಮವಾದವು. ಅದಕ್ಕೂ ಹಿಂದಿನ ಏಳೆಂಟು ತಲೆಮಾರನ್ನು ಹೆಸರು ಹಿಡಿದು ಹೇಳುವ ವಂಶವೃಕ್ಷ ಕೈಗೆ ಬಂದರೆ ‘ಇದಕ್ಕೆ ಆಧಾರವೇನು?’ ಎಂದು ಕೇಳಲೇಬೇಕು.

ಸಿಮಿಸ್ತ್ರಿಗೆ ಹೋಗಲು ಒಳ್ಳೆಯ ಸಮಯ ನವೆಂಬರ್ 2ರ ಆಸುಪಾಸು. ಮೃತರ ಸ್ಮರಣೆಯ ಆ ದಿನಕ್ಕೆಂದು ಹುಲ್ಲು ಕತ್ತರಿಸಿರುತ್ತಾರೆ, ಮಳೆಗಾಲದ ಪಾಚಿಯೂ ಒಣಗತೊಡಗಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಓರೆಯಾದಾಗ ಫೋಟೊ ತೆಗೆಯಿರಿ. ನೆತ್ತಿಯ ಬಿಸಿಲಿನಲ್ಲಿ ಸವೆದ ಅಕ್ಷರಕ್ಕೆ ನೆರಳೇ ಬೀಳುವುದಿಲ್ಲ. ಕಲ್ಲು ನೆರಳಿನಲ್ಲಿದ್ದರೆ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿದರೆ 3 ಮತ್ತು 8, 1 ಮತ್ತು 7 ಬೇರೆಯಾಗಿ ಕಾಣುತ್ತವೆ. ನೀರು, ಮೆದು ಬ್ರಷ್ ಸಾಕು. ತಂತಿ ಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ ಮುಟ್ಟಿಸಬೇಡಿ. ಮುರಕಲ್ಲಿಗೆ ಬಳಿದ ಗಾರೆಯ ಮೇಲೆ ಅಕ್ಷರ ಕೊರೆದಿದ್ದರಂತೂ ಉಜ್ಜಲೇಬೇಡಿ, ಅಕ್ಷರ ಚಕ್ಕೆಯಾಗಿ ಎದ್ದುಬರುತ್ತದೆ.

ಬರಹ ಕನ್ನಡ ಲಿಪಿಯಲ್ಲಿದ್ದರೂ ಭಾಷೆ ಕೊಂಕಣಿ ಇರಬಹುದು: ಜನನ್, ಮರಣ್, ಸಾಸ್ಣಾಚೊ ವಿಶೆವ್ (ಶಾಶ್ವತ ವಿಶ್ರಾಂತಿ). ಅಕ್ಕಪಕ್ಕದ ಸಮಾಧಿಗಳ ಫೋಟೊವನ್ನೂ ತೆಗೆದಿಡಿ, ನಂಟರು ಹತ್ತಿರದಲ್ಲೇ ಇರುವುದುಂಟು. ಇಗರ್ಜಿಯ ವಾರ್ಡಿನ ಮುಖಂಡರಾದ ಗುರ್ಕಾರರನ್ನು ವಿಚಾರಿಸಿದರೆ ಯಾವ ಮನೆಯವರು ಯಾವ ಸಾಲು ಎಂಬುದು ಗೊತ್ತಾಗಬಹುದು.

ಕಲ್ಲಿನ ದಿನಾಂಕಕ್ಕೂ ಪುಸ್ತಕದ್ದಕ್ಕೂ ಒಂದು ದಿನದ ವ್ಯತ್ಯಾಸವಿದ್ದರೆ ಒಂದು ಸತ್ತ ದಿನ, ಇನ್ನೊಂದು ಮಣ್ಣು ಮಾಡಿದ ದಿನ ಇರಬೇಕು. ವರ್ಷವೇ ಬೇರೆಯಾದರೆ ಪುಸ್ತಕದ ಕಡೆ ವಾಲಿ. ಮಕ್ಕಳು ನಾಲ್ಕು ಕಾಸು ಸಂಪಾದಿಸಿದ ಮೇಲೆ, ನೆನಪಿನಿಂದ ಹೇಳಿ ಬರೆಸಿದ ಕಲ್ಲುಗಳು ಬೇಕಾದಷ್ಟಿವೆ.