ಮೀಟರ್ ಅಣಬೆಗೆ ಇತ್ತು, ಅಕ್ಕನಿಗೆ ಇರಲಿಲ್ಲ

ಕೋಲಾರ-ಬಂಗಾರಪೇಟೆ ಕಡೆಯ ಒಂದು ಬಟನ್ ಅಣಬೆ ಫಾರಂನಲ್ಲಿ ನಾನು ಸೂಪರ್‌ವೈಸರ್. ಆರು ರೂಮು, ಎಲ್ಲವೂ ಏಸಿ. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗೆ ತಂಪು, ತೇವ, ಕತ್ತಲೆ. ಬಾಗಿಲ ಸಂದಿಗೆಲ್ಲ ರಬ್ಬರ್ ಹಾಕಿದೆ. ಗಾಳಿ ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಏಎಚ್‌ಯು ಅನ್ನುವ, ಗಾಳಿ ತಂಪು ಮಾಡಿ ರೂಮಿನೊಳಗೆ ಆಡಿಸುವ ಮೆಷಿನ್ ಒಂದೇ ದಾರಿ.

ಅಣಬೆ ಗಿಡ ಅಲ್ಲ. ನಮ್ಮ ಹಾಗೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕಾಂಪೋಸ್ಟಿಗೆ ಬೀಜ ಬೆರೆಸಿದ ಮೇಲೆ ಸುಮಾರು ಎರಡು ವಾರ ಬಿಳಿ ಎಳೆ ಹಬ್ಬಬೇಕು. ಆ ಹಂತದ ರೂಮನ್ನು ನಾವು ಬೀಜದ ರೂಮು ಅನ್ನುತ್ತೇವೆ. ಆಗ ಆ ಗ್ಯಾಸು 10,000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು ಅನ್ನುವ ಲೆಕ್ಕ) ದಾಟಿದರೂ ಅಣಬೆಗೆ ಖುಷಿಯೇ. ಅಣಬೆ ಮೂಡುವ ಹೊತ್ತಿಗೆ ಮಾತ್ರ 1,000ದ ಆಸುಪಾಸಿಗೆ ಇಳಿಸಬೇಕು. ಹೊರಗಿನ ಗಾಳಿಯಲ್ಲಿ ಇರುವುದು 420ರ ಹತ್ತಿರ. ಮನುಷ್ಯರು ಎಂಟು ಗಂಟೆ ಕೆಲಸ ಮಾಡುವ ಕಡೆ ಸರಾಸರಿ 5,000 ದಾಟಬಾರದು ಅನ್ನುವುದು ಲೆಕ್ಕ. 40,000 ಅಂದರೆ ಜೀವಕ್ಕೇ ಅಪಾಯ.

ಈ ಲೆಕ್ಕವೆಲ್ಲ ನನಗೆ ಬಾಯಿಪಾಠ ಆಗಿದ್ದು ಆ ಸೋಮವಾರದ ನಂತರ. ಅದಕ್ಕೆ ಮುಂಚೆ ನನಗೂ ಅದು ಬೆಳೆಯ ವಿಷಯ, ಅಷ್ಟೇ.

ಭಾನುವಾರ ರಾತ್ರಿ ಕರೆಂಟಿನಲ್ಲಿ ಒಂದು ಫೇಸ್ ಹೋಗಿತ್ತು. ಆಗ ಬೀಜದ ರೂಮಾಗಿದ್ದ ಮೂರನೇ ರೂಮಿನ ಏಎಚ್‌ಯು ಮೋಟರ್ ಟ್ರಿಪ್ ಆಗಿ ನಿಂತಿದೆ. ಆದರೆ ಪ್ಯಾನೆಲ್ ಬೋರ್ಡಿಗೆ ಬೇರೆ ಫೇಸು. ಹಾಗಾಗಿ ಡಿಸ್‌ಪ್ಲೇ ಎಂದಿನ ಹಾಗೆ ಉರಿಯುತ್ತಿತ್ತು. ಲೈಟೂ ಇತ್ತು. ನೋಡಿದವರಿಗೆ ಎಲ್ಲಾ ಸರಿಯಾಗಿದೆ ಅನ್ನಿಸುವ ಹಾಗೆ. ಡಿಸ್‌ಪ್ಲೇ ಮೇಲೆ ಗ್ಯಾಸಿನ ಮಟ್ಟ, ಕೆಂಪು ಅಕ್ಷರದಲ್ಲಿ 5000.

ಬೀಜದ ರೂಮಿನಲ್ಲಿ ಅದು ಯಾವಾಗಲೂ 5000 ಅಂತಲೇ ತೋರಿಸುತ್ತಿತ್ತು. ನಮಗದು ಅಭ್ಯಾಸ. ನಿಜ ಏನೆಂದರೆ, ಆ ಸೆನ್ಸರ್ ಅಳೆಯುವುದೇ 5000ದವರೆಗೆ. ಆಮೇಲೆ ಎಷ್ಟೇ ಏರಲಿ, ಅಲ್ಲೇ ನಿಲ್ಲುತ್ತದೆ. ತೂಕದ ಮುಳ್ಳು ಕೊನೆಗೆ ಹೋಗಿ ಕೂತಂತೆ. ಅದಕ್ಕೊಂದು ಅಲಾರಾಂ ಕೂಡ ಇತ್ತು. ಅಣಬೆ ಮೂಡುವ ಹೊತ್ತಿನಲ್ಲಿ ಗ್ಯಾಸು ಜಾಸ್ತಿಯಾದರೆ ಕೂಗಲಿ ಅಂತ ಹಾಕಿದ್ದು. ಬೀಜದ ರೂಮಿನಲ್ಲಿ ಸುಮ್ನೆ ಕೂಗುತ್ತದಲ್ಲ ಅಂತ ನಾವೇ ಆಫ್ ಮಾಡಿದ್ದೆವು. ನಾನೇ ಮಾಡಿದ್ದೆ.

ಬೆಳಿಗ್ಗೆ ಏಳಕ್ಕೆ ಒಬ್ಬ ಅಕ್ಕ ಕಾಂಪೋಸ್ಟಿನ ಬಿಸಿ ನೋಡಲು ಒಳಗೆ ಹೋದರು. ಹಿಂದಿನ ರ‍್ಯಾಕ್‌ವರೆಗೆ ನಡೆದಿದ್ದಾರೆ. ಓಡಿ ಬಂದವರ ಹಾಗೆ ಏದುಸಿರು, ಎದೆ ಡವಡವ, ತಲೆ ಸಿಡಿಯುವಂತೆ ನೋವು. ಸುಸ್ತಾಗಿದೆ ಅಂದುಕೊಂಡು ಅಲ್ಲೇ ಕೆಳಗೆ ಕೂತುಬಿಟ್ಟರು. ಈ ಗ್ಯಾಸು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಫ್ಯಾನ್ ಆಡದಿದ್ದರೆ ಕೆಳಗೇ ಸೇರಿಕೊಳ್ಳುತ್ತದೆ. ಕೂರುವುದು ಆ ಹೊತ್ತಿನಲ್ಲಿ ಮಾಡಬಾರದ ಕೆಲಸ, ಆದರೆ ಸುಸ್ತಾದವರು ಇನ್ನೇನು ಮಾಡುತ್ತಾರೆ?

ಬಾಗಿಲ ಗಾಜಿನಲ್ಲಿ ನೋಡಿದವನು ನಾನು. ಹಿಂದೆಮುಂದೆ ನೋಡದೆ ನುಗ್ಗಿದೆ. ಅವರ ರಟ್ಟೆ ಹಿಡಿದು ಎಬ್ಬಿಸುವಷ್ಟರಲ್ಲಿ ನನಗೂ ಉಸಿರು ಸಾಲುತ್ತಿಲ್ಲ. ಎಷ್ಟು ಎಳೆದುಕೊಂಡರೂ ಸಾಲದು. ನನ್ನ ಹಿಂದೆ ಇನ್ನೊಬ್ಬ ಹುಡುಗ ಬರಲು ಹೊರಟಿದ್ದ. ನಮ್ಮ ಮೇಸ್ತ್ರಿ ಅವನ ಶರ್ಟು ಹಿಡಿದು ಎಳೆದು, "ಒಳಗೆ ಹೋಗ್ಬೇಡ, ಹಿಂದಿನ ಬಾಗಿಲು ತೆಗಿ!" ಅಂತ ಕೂಗಿದರು. ಅವನು ಸುತ್ತು ಹಾಕಿ ಓಡಿದ. ಎರಡೂ ಬಾಗಿಲು ತೆರೆದು ಗಾಳಿ ಆಡಿದ್ದಕ್ಕೆ ನಾವಿಬ್ಬರೂ ನಡೆದು ಹೊರಗೆ ಬಂದೆವು. ಅಕ್ಕನಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ಸಂಜೆಗೆ ಮನೆಗೆ ಬಂದರು.

ಎಲ್ಲರೂ ನನ್ನನ್ನು ಹೊಗಳಿದರು. ಬೈಯಬೇಕಿತ್ತು. ಮ್ಯಾನ್‌ಹೋಲ್‌ನಲ್ಲಿ ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಹೋದರು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ಇನ್ನೊಬ್ಬ ಅವತ್ತು ನಾನಾಗುತ್ತಿದ್ದೆ. ಇಂಥ ಜಾಗಕ್ಕೆ ಉಸಿರಾಟದ ಸಾಧನ ಹಾಕಿಕೊಂಡು, ಸೊಂಟಕ್ಕೆ ಬೆಲ್ಟು ಹಗ್ಗ ಕಟ್ಟಿ, ಹಗ್ಗದ ತುದಿ ಹೊರಗೆ ನಿಂತವರ ಕೈಯಲ್ಲಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್ನೇ ಹೇಳಿತ್ತು. ನಾವು ಅಣಬೆ ಬೆಳೆಯುವವರು, ನಮಗೆ ಕಾರ್ಖಾನೆ ಕಾಯ್ದೆ ಯಾಕೆ ಅಂದುಕೊಂಡು ಯಾರೂ ಓದಿರಲಿಲ್ಲ.

ಮಧ್ಯಾಹ್ನ ನಮ್ಮ ವಾಚ್‌ಮನ್ ತಾತ ಒಂದು ಮಾತು ಕೇಳಿದರು. "ಹಗೇವಿನ ಬಾಯಿ ತೆಗೆದ ಕೂಡ್ಲೇ ಯಾರಾದ್ರೂ ಇಳೀತಾರಾ ಸಾರ್?" ಅವರ ಮನೆಯಲ್ಲಿ ನೆಲದೊಳಗೆ ರಾಗಿ ಹಗೇವು ಇತ್ತಂತೆ. ಬಾಯಿ ತೆಗೆದು ಗಾಳಿಯಾಡಲು ಬಿಡುವುದು, ಆಮೇಲೆ ಲಾಟೀನು ಇಳಿಸಿ ನೋಡುವುದು, ದೀಪ ಆರಿದರೆ ಆ ದಿನ ಇಳಿಯುವ ಹಾಗಿಲ್ಲ. ಒಳಗಿನ ಕಾಳು ಉಸಿರಾಡಿ ಬಿಟ್ಟ ಗ್ಯಾಸು ಅದೇ. ನಾಚಿಕೆಯಾಯಿತು ನನಗೆ. ಡಿಪ್ಲೊಮಾ ಮಾಡಿದವನು ನಾನು.

ಆದರೆ ಲಾಟೀನು ಸಾಲದು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ 21 ಪರ್ಸೆಂಟ್. ದೀಪ ಆರಲು ಅದು ಸುಮಾರು 16ಕ್ಕೆ ಇಳಿಯಬೇಕು. ನಮ್ಮ ರೂಮಿನಲ್ಲಿ ಆಮ್ಲಜನಕ ಐದು ಪರ್ಸೆಂಟ್ ಇಳಿದರೆ ಆ ಗ್ಯಾಸು ಹೆಚ್ಚುಕಡಿಮೆ ಅಷ್ಟೇ ಏರಿರುತ್ತದೆ. ಅಂದರೆ 50,000 ಪಿಪಿಎಂ. ದೀಪ ಆರುವುದಕ್ಕೆ ಮುಂಚೆಯೇ ನಮ್ಮ ಜೀವ ಅಪಾಯದಲ್ಲಿರುತ್ತದೆ.

ಈಗ ಕೈಯಲ್ಲಿ ಹಿಡಿಯುವ ಮೀಟರ್ ಬಂದಿದೆ. ಐದು ಪರ್ಸೆಂಟ್‌ವರೆಗೂ ಅಳೆಯುತ್ತದೆ, ಆಮ್ಲಜನಕವನ್ನೂ ತೋರಿಸುತ್ತದೆ. ಮೊದಲ ದಿನವೇ, ಮೆಷಿನ್ ಸರಿಯಾಗಿ ಓಡುತ್ತಿದ್ದ ಬೀಜದ ರೂಮಿನಲ್ಲಿ 12,000 ತೋರಿಸಿತು! ಇಷ್ಟು ದಿನ ನಾವು 5000 ಅಂದುಕೊಂಡು ಓಡಾಡುತ್ತಿದ್ದ ಜಾಗ ಅದು. ಈಗ ಮೊದಲು ಹೊಸ ಗಾಳಿ ಹೊಡೆಸಿ, ನಂಬರ್ 5,000ದ ಕೆಳಗೆ ಬಂದ ಮೇಲೆ ಒಳಗೆ. ಒಬ್ಬರು ಬಾಗಿಲಲ್ಲೇ ಇರಬೇಕು. ಬಿದ್ದವರನ್ನು ಕಂಡರೆ ಮೊದಲು ಬಾಗಿಲು, ಆಮೇಲೆ ಫೋನು. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ಓನರ್ ಗೊಣಗಿದರು, ಒಪ್ಪಿದರು.

ಜನಕ್ಕೆ ತಿಳಿಸುವುದೇ ಕಷ್ಟವಾಯಿತು. "ಸೋಡಾ ಗ್ಯಾಸ್ ತಾನೇ ಸಾರ್, ಕುಡಿಯೋದೇ ಅಲ್ವಾ?" ಅಂದ ಒಬ್ಬ ಹುಡುಗ. ಇನ್ನೊಬ್ಬರು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಬಂದರು. ಟವೆಲ್ ಆಗಲಿ, ಕೊರೋನಾ ಕಾಲದ ಮಾಸ್ಕ್ ಆಗಲಿ ಧೂಳು ತಡೆಯುತ್ತದೆ, ಗ್ಯಾಸನ್ನಲ್ಲ. ಕಾಂಪೋಸ್ಟ್ ಅಂಗಳದ ಅಮೋನಿಯಾ ಮೂಗಿಗೆ ಚುಚ್ಚುತ್ತದೆ, ತಾವೇ ಹಿಂದೆ ಸರಿಯುತ್ತಾರೆ. ಇದಕ್ಕೆ ವಾಸನೆಯೇ ಇಲ್ಲ. ಬೋರ್ಡು ಮೊದಲು ಇಂಗ್ಲಿಷಿನಲ್ಲಿತ್ತು. ಈಗ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಬರೆಸಿದ್ದೇವೆ.

ಉಳಿದಿರುವ ಜಗಳ ಫಾರ್ಮಲಿನ್‌ದು. ಬೆಳೆ ಮುಗಿದ ಮೇಲೆ ರೋಗಾಣು ಸಾಯಲಿ ಅಂತ ಖಾಲಿ ರೂಮಿಗೆ ಈ ರಾಸಾಯನಿಕವನ್ನು ಪೊಟ್ಯಾಶಿಯಂ ಪರ್ಮಾಂಗನೇಟ್ ಜೊತೆ ಸೇರಿಸಿ ಹೊಗೆ ಹಾಕುತ್ತಾರೆ. ಕಣ್ಣು ಉರಿ ಬೇರೆ ಮಾತು, ಅದು ಕ್ಯಾನ್ಸರ್ ತರುವ ಪಟ್ಟಿಯಲ್ಲಿರುವ ವಸ್ತು. 65-70 ಡಿಗ್ರಿ ಹಬೆ ಕೊಟ್ಟು ರೂಮು ಬೇಯಿಸಿದರೆ ಸಾಕು ಅನ್ನುವುದು ನನ್ನ ವಾದ. ಬಾಯ್ಲರ್ ಚಿಕ್ಕದು ಅನ್ನುವುದು ಓನರ್ ವಾದ. ನಾಲ್ಕನೇ ರೂಮು ಮುಂದಿನ ವಾರ ಖಾಲಿಯಾಗುತ್ತದೆ. ಅದೊಂದಕ್ಕಾದರೂ ಹಬೆ ಕೊಟ್ಟು ನೋಡೋಣ ಅಂತ ಕೇಳಿದ್ದೇನೆ.